ಓದುಗರ ಪ್ರಶ್ನೆ, ಮಾಷ್ಟ್ರ ಉತ್ತರ: ಚೀಟಿಯ ವಾಕ್ಯ ಮತ್ತು ಇಡೀ ಪ್ರಸಂಗ

ಹೋದ ತಿಂಗಳು ಇದೇ ಪುಟದಲ್ಲಿ ಒಂದು ಮಾತು ಬರೆದಿದ್ದೆ. ಹೊಸ ವರ್ಷದ ರಾತ್ರಿ ಆರಾಧನೆಯಲ್ಲಿ ತಟ್ಟೆಯಿಂದ ವಾಗ್ದಾನದ ಚೀಟಿ, ಅಂದರೆ ಬೈಬಲಿನ ಒಂದು ವಚನ ಬರೆದ ಕಾಗದದ ತುಂಡು, ತೆಗೆದು, ಅದರಲ್ಲಿ ಬಂದ ಒಂದೇ ವಾಕ್ಯವನ್ನು ವರ್ಷವಿಡೀ ಪರ್ಸಿನಲ್ಲಿ ಇಟ್ಟುಕೊಂಡು ತಿರುಗುವವರು ಅದರ ಹಿಂದೆ ಮುಂದೆ ಏನಿದೆ ಅಂತ ಒಮ್ಮೆ ಓದಿ ನೋಡಲಿ. ಸತ್ಯವೇದ, ಅಂದರೆ ಬೈಬಲ್, ಒಂದೇ ಕಥೆ, ಚೀಟಿ ಡಬ್ಬಿ ಅಲ್ಲ. ನಮ್ಮ ಸುವಾರ್ತಾ ಸೇವೆ, ಅಂದರೆ ಈ ಮಿಷನ್ ಅನ್ನುವುದು, ಸೊರಗಿದ್ದಕ್ಕೂ ಈ ಚೀಟಿ ಓದಿಗೂ ಸಂಬಂಧ ಇದೆ ಅಂತ. ಅಷ್ಟಕ್ಕೇ ಕಾಗದ, ವಾಟ್ಸಾಪ್, ಫೋನು ಶುರುವಾಯಿತು. ಬೈದವರೇ ಜಾಸ್ತಿ. ಎಲ್ಲವನ್ನೂ ಹಾಕಲು ಜಾಗ ಇಲ್ಲ, ಕೆಲವನ್ನು ಆರಿಸಿದ್ದೇನೆ.

ಪ್ರಶ್ನೆ (ಕುಂಬಳೆಯಿಂದ ಒಬ್ಬ ಸಹೋದರಿ): ಮಾಷ್ಟ್ರೇ, ಈ ವರ್ಷ ನನ್ನ ಚೀಟಿಯಲ್ಲಿ ಬಂದದ್ದು ಯೆರೆಮೀಯ 29:11. ದೇವರಿಗೆ ನಮ್ಮ ಬಗ್ಗೆ ಇರುವುದು ಕೇಡಿನ ಯೋಚನೆಯಲ್ಲ, ಒಳ್ಳೆಯದರ ಯೋಚನೆ ಅಂತ. ಮಗನ ಗಲ್ಫ್ ವೀಸಾ ಆಗುತ್ತದೆ ಎಂದು ನಂಬಿ ಕೂತಿದ್ದೇನೆ. ಇದರಲ್ಲಿ ಏನು ತಪ್ಪು? ಮಿಷನ್‌ಗೂ ಇದಕ್ಕೂ ಎಲ್ಲಿಯ ಸಂಬಂಧ?

ಅಕ್ಕಾ, ಮಗನಿಗೆ ವೀಸಾ ಆಗಲಿ. ಅದಕ್ಕೆ ಪ್ರಾರ್ಥನೆ ಮಾಡುವುದು ತಪ್ಪೇ ಅಲ್ಲ. ಆದರೆ ಆ ವಾಕ್ಯ ಇರುವುದು ಒಂದು ಕಾಗದದ ನಡುವೆ. ಯೆರೂಸಲೇಮಿನಿಂದ ಬಾಬೆಲಿಗೆ ಸೆರೆಹೋದವರಿಗೆ ಯೆರೆಮೀಯ ಬರೆದ ಕಾಗದ ಅದು. ಅಲ್ಲಿ ಕೂತವರಿಗೆ ಒಂದೇ ಚಿಂತೆ, ಊರಿಗೆ ಯಾವಾಗ ಹೋಗುವುದು. ಎರಡೇ ವರ್ಷ, ಆಮೇಲೆ ಎಲ್ಲ ಸರಿಯಾಗುತ್ತದೆ ಅಂತ ಹೇಳುವ ಪ್ರವಾದಿಯೂ ಇದ್ದ. ಹಿಂದಿನ ಅಧ್ಯಾಯ ತೆಗೆದರೆ ಅವನ ಹೆಸರೂ ಸಿಗುತ್ತದೆ, ಹನನ್ಯ. ಯೆರೆಮೀಯ ಬರೆದದ್ದು ಏನು? ಇಲ್ಲ ಮಾರಾಯ್ರೇ, ಎಪ್ಪತ್ತು ವರ್ಷ. ಅದು 10ನೇ ವಚನ. ಅಂದರೆ ಆ ಕಾಗದವನ್ನು ಓದಿದ ದೊಡ್ಡವರು ಹೆಚ್ಚಿನವರೆಲ್ಲ ಅಲ್ಲಿಯೇ ಮಣ್ಣಾಗುತ್ತಾರೆ. ಅಲ್ಲಿಯವರೆಗೆ ಮನೆ ಕಟ್ಟಿ, ತೋಟ ಮಾಡಿ, ಮಕ್ಕಳ ಮದುವೆ ಮಾಡಿ. ಇನ್ನು 7ನೇ ವಚನ: ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥನೆ ಮಾಡಿ, ಅದರ ಕ್ಷೇಮದಲ್ಲೇ ನಿಮ್ಮ ಕ್ಷೇಮ. ಯಾವ ಪಟ್ಟಣ? ತಮ್ಮನ್ನು ಎಳೆದುಕೊಂಡು ಹೋದ ಶತ್ರುಗಳ ಪಟ್ಟಣ!

ಚೀಟಿಯಲ್ಲಿ 11 ಪ್ರತಿ ವರ್ಷ ಯಾರಿಗಾದರೂ ಬರುತ್ತದೆ. 7 ಬಂದದ್ದನ್ನು ನಾನಂತೂ ಇದುವರೆಗೆ ನೋಡಿಲ್ಲ. ಸಂಬಂಧ ಎಲ್ಲಿ ಅಂತ ಕೇಳಿದಿರಲ್ಲ, ಇಲ್ಲಿಯೇ. 11 ಮಾತ್ರ ಓದಿದವರಿಗೆ ದೇವರು ತಮ್ಮ ಮನೆ ದೇವರು. 7 ಸೇರಿಸಿ ಓದಿದರೆ ತಾನು ಇರುವ ಊರಿಗೆ, ತನ್ನ ಭಾಷೆ ಆಡದವರಿಗೆ, ತನ್ನನ್ನು ಕಂಡರೆ ಆಗದವರಿಗೆ ಒಳ್ಳೆಯದು ಮಾಡುವ ಕೆಲಸ ತಲೆ ಮೇಲೆ ಬಂದು ಕೂರುತ್ತದೆ. ಅದೇ ಮಿಷನ್. ನಾವು ಕಾಸರಗೋಡಿನವರಿಗೆ ಇದು ಬೇಗ ಅರ್ಥವಾಗಬೇಕು. 1956ರ ನವೆಂಬರ್ 1ಕ್ಕೆ ನಾವು ಕೂತಲ್ಲೇ ಕೇರಳದವರಾದೆವು. ಆ ಬೇಸರವನ್ನು ಹಿರಿಯರು ಸಾಯುವವರೆಗೆ ಹೊತ್ತರು. (ಬಾಬೆಲಿಗೆ ಹೋಲಿಸಿದ ಅಂತ ಮಲಯಾಳಿ ಸ್ನೇಹಿತರು ಜಗಳಕ್ಕೆ ಬರಬೇಡಿ, ಹೋಲಿಕೆ ಅಲ್ಲಿಗೇ ಮುಗಿಯಿತು.) ಮಗ ದುಬೈಗೆ ಹೋದರೆ ಅವನಿಗೆ 11ರ ಜೊತೆ 7ನ್ನೂ ಕಳಿಸಿ.

ಇನ್ನೊಂದು ವಿಷಯ. ಈ ವಚನಗಳ ನಂಬರು ಯೆರೆಮೀಯ ಹಾಕಿದ್ದಲ್ಲ. ಅಧ್ಯಾಯಗಳಾಗಿ ಭಾಗ ಮಾಡಿದ್ದು 13ನೇ ಶತಮಾನದಲ್ಲಿ, ಇಂಗ್ಲೆಂಡಿನ ಸ್ಟೀಫನ್ ಲ್ಯಾಂಗ್ಟನ್ ಮಾಡಿದ ಕೆಲಸ. ಹೊಸ ಒಡಂಬಡಿಕೆಗೆ ಈಗಿನ ವಚನ ಸಂಖ್ಯೆ ಹಾಕಿದ್ದು ರಾಬರ್ಟ್ ಎಸ್ತಿಯೆನ್ ಎಂಬ ಮುದ್ರಕ, 1551ರಲ್ಲಿ. ಅದಕ್ಕಿಂತ ಮುಂಚೆ ನೂರಾರು ವರ್ಷ ಹೊಸ ಒಡಂಬಡಿಕೆ ಓದಿದವರು ಇದು ಎಷ್ಟನೇ ವಚನ ಅಂತ ಕೇಳುತ್ತಿರಲಿಲ್ಲ. ಹುಡುಕಲು ಸುಲಭವಾಗಲಿ ಅಂತ ಹಾಕಿದ ನಂಬರು, ಕತ್ತರಿಸಲೂ ಸುಲಭವಾಯಿತು.

ಪ್ರಶ್ನೆ (ಮಂಜೇಶ್ವರದ ಒಬ್ಬ ಯುವಕ, ಸಭೆಯ, ಅಂದರೆ ಚರ್ಚಿನ, ಯುವಜನ ಸಂಘದವನು): ಮಾಷ್ಟ್ರೇ, ಮಿಷನ್‌ಗೆ ಮತ್ತಾಯ 28:19 ಸಾಲದೇ? 'ಹೊರಟುಹೋಗಿ ಎಲ್ಲ ಜನಾಂಗಗಳನ್ನು ಶಿಷ್ಯರನ್ನಾಗಿ ಮಾಡಿರಿ.' ಆಜ್ಞೆ ಬಂತು, ಹೋಗಬೇಕು, ಮುಗಿಯಿತು. ಇದಕ್ಕೆ ಆದಿಕಾಂಡದಿಂದ ಶುರು ಮಾಡಿ ಸುತ್ತಿ ಬಳಸಿ ಬರುವುದು ಯಾಕೆ?

ತಮ್ಮಾ, ನೀನು ಒಂದು ಪದ ಬಿಟ್ಟು ಹೇಳಿದೆ. ಆ ವಾಕ್ಯ ಶುರುವಾಗುವುದೇ 'ಆದ್ದರಿಂದ' ಅಂತ. 'ಆದ್ದರಿಂದ' ಎಂದು ಮಾತು ಶುರು ಮಾಡಿದರೆ ನಮ್ಮ ಅಜ್ಜಿ ತಕ್ಷಣ ಕೇಳುತ್ತಿದ್ದರು, ಯಾವುದರಿಂದ? ಹಿಂದಿನ ವಾಕ್ಯದಲ್ಲಿದೆ: ಪರಲೋಕದಲ್ಲೂ ಭೂಲೋಕದಲ್ಲೂ ಎಲ್ಲ ಅಧಿಕಾರ ನನಗೆ ಕೊಡಲ್ಪಟ್ಟಿದೆ. ಅದು ಯಾವ ಅಧಿಕಾರ, ಯಾರು ಕೊಟ್ಟರು, ಯಾಕೆ ಕೊಟ್ಟರು? ಇನ್ನೂ ಹಿಂದೆ ಹೋಗು. ಮತ್ತಾಯ ಮೊದಲ ಅಧ್ಯಾಯದಲ್ಲಿ ನಾವೆಲ್ಲ ಹಾರಿಸಿ ಓದುವ ಆ ವಂಶಾವಳಿ ಇದೆಯಲ್ಲ, ಅದು ಅಬ್ರಹಾಮನಿಂದ ಶುರು. ಅಬ್ರಹಾಮನಿಗೆ ದೇವರು ಹೇಳಿದ್ದು ಆದಿಕಾಂಡ 12ರಲ್ಲಿ: ನಿನ್ನಿಂದ ಭೂಮಿಯ ಎಲ್ಲ ಕುಲಗಳಿಗೂ ಆಶೀರ್ವಾದ. ಮತ್ತಾಯ ಅಬ್ರಹಾಮನಿಂದ ಹೊರಟು 'ಎಲ್ಲ ಜನಾಂಗಗಳು' ಎಂಬಲ್ಲಿಗೆ ಮುಟ್ಟಿ ಪುಸ್ತಕ ಮುಗಿಸುತ್ತಾನೆ. ಪೌಲನಂತೂ ಗಲಾತ್ಯದ ಸಭೆಗಳಿಗೆ ಬರೆದ ಪತ್ರದ 3:8ರಲ್ಲಿ ನೇರವಾಗಿ ಹೇಳಿಬಿಟ್ಟ, ಅಬ್ರಹಾಮನಿಗೆ ಸಿಕ್ಕಿದ ಆ ಮಾತೇ ಮುಂಚಿತವಾಗಿ ಸಾರಿದ ಸುವಾರ್ತೆ ಅಂತ. ಹಾಗಾದರೆ ಮಿಷನ್ ಎಂಬುದು ಯೇಸುಸ್ವಾಮಿ ಹೋಗುವ ಹೊತ್ತಿಗೆ ನೆನಪಾಗಿ ಕೊಟ್ಟ ಕೆಲಸವಲ್ಲ. ದೇವರು ಮೊದಲಿನಿಂದ ಮಾಡುತ್ತಾ ಬಂದ ಕೆಲಸ. ನಮ್ಮನ್ನು ಅದಕ್ಕೆ ಸೇರಿಸಿಕೊಂಡರು, ಅಷ್ಟೇ.

ಮತ್ತಾಯ 28ನ್ನು ಹಿಡಿದು ಹೊರಟವರನ್ನು ನಾನು ಸಣ್ಣ ಮಾಡುವುದಿಲ್ಲ. ಆ ಆಜ್ಞೆ ಅಪೊಸ್ತಲರಿಗೆ, ಅಂದರೆ ಯೇಸುವಿನ ಮೊದಲ ಶಿಷ್ಯರಿಗೆ, ಮಾತ್ರ, ನಮಗಲ್ಲ ಅಂತ ಸಭೆಗಳು ಹಾಯಾಗಿ ಕೂತಿದ್ದ ಕಾಲದಲ್ಲಿ, ಅದು ಇಂದಿಗೂ ಇದೆ ಎಂದು ಇಂಗ್ಲೆಂಡಿನ ವಿಲಿಯಂ ಕೇರಿ 1792ರಲ್ಲಿ ಪುಸ್ತಿಕೆ ಬರೆದು, ಮರುವರ್ಷ ಬಂಗಾಳಕ್ಕೆ ಬಂದೇಬಿಟ್ಟ. ಆದರೆ ಆಜ್ಞೆ ಮಾತ್ರ ಉಳಿದು ಕಥೆ ಹೋದರೆ ಏನಾಗುತ್ತದೆ ಅಂದರೆ, ಮಿಷನ್ ಟಾರ್ಗೆಟ್ ಆಗುತ್ತದೆ. ಈ ವರ್ಷ ಎಷ್ಟು ಜನ, ಎಷ್ಟು ಊರು, ಎಷ್ಟು ಕರಪತ್ರ. ಇನ್ಶೂರೆನ್ಸ್ ಏಜೆಂಟರ ಮೀಟಿಂಗ್ ಹಾಗೆ. ಅಂದಹಾಗೆ ಗ್ರೀಕ್ ಮೂಲದಲ್ಲಿ ಆ ವಾಕ್ಯದ ಮುಖ್ಯ ಕ್ರಿಯಾಪದ 'ಹೋಗಿ' ಅಲ್ಲ, 'ಶಿಷ್ಯರನ್ನಾಗಿ ಮಾಡಿ'. ಹೋಗುವುದು, ದೀಕ್ಷಾಸ್ನಾನ ಮಾಡಿಸುವುದು, ಕಲಿಸುವುದು ಎಲ್ಲ ಅದಕ್ಕೆ ಜೋಡಿಸಿದ್ದು. ಶಿಷ್ಯರಾಗುವುದು ಒಂದು ಮಧ್ಯಾಹ್ನದ ಕೆಲಸ ಅಲ್ಲ.

ನೀನು ಮಂಜೇಶ್ವರದವನು, ತಾಳಮದ್ದಳೆ, ಅಂದರೆ ವೇಷ ಕುಣಿತ ಇಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನ, ಕೇಳಿ ಬೆಳೆದವನು. ನಾನೂ ಹಾಗೆಯೇ, ನೆರೆಮನೆ ಜಗಲಿಯಲ್ಲಿ ರಾತ್ರಿಯಿಡೀ ಕೂತು ಕೇಳಿದ್ದೇನೆ, ಬೆಳಿಗ್ಗೆ ಆರಾಧನೆಯಲ್ಲಿ ತೂಕಡಿಸಿ ಅಪ್ಪನ ಕೈಯಲ್ಲಿ ಬೈಸಿಕೊಂಡಿದ್ದೇನೆ. ಅಲ್ಲಿ ಏನು ನಡೆಯುತ್ತದೆ? ಭಾಗವತರು ಪದ್ಯ ಹೇಳುತ್ತಾರೆ. ಅದು ಬರೆದಿಟ್ಟದ್ದು, ಬದಲಾಯಿಸುವ ಹಾಗಿಲ್ಲ. ಅರ್ಥಧಾರಿ ಆ ಪದ್ಯಕ್ಕೆ ತನ್ನ ಮಾತಿನಲ್ಲಿ ಅರ್ಥ ಹೇಳಬೇಕು. ಬಾಯಿಪಾಠ ಒಪ್ಪಿಸುವುದಲ್ಲ, ಆ ಕ್ಷಣಕ್ಕೆ ಹುಟ್ಟಬೇಕು, ಎದುರು ಕೂತವನ ಮಾತಿಗೆ ಉತ್ತರ ಕೊಡಬೇಕು. ಹಾಗಂತ ಮನಸ್ಸಿಗೆ ಬಂದದ್ದು ಹೇಳಲೂ ಆಗುವುದಿಲ್ಲ. ಕೃಷ್ಣ ಸಂಧಾನದಲ್ಲಿ ಕೃಷ್ಣನ ಪಾತ್ರಧಾರಿ ಎಷ್ಟು ಚೆನ್ನಾಗಿ ವಾದ ಮಾಡಿದರೂ ಕೌರವ ಒಪ್ಪುವ ಹಾಗಿಲ್ಲ, ಸಂಧಾನ ಮುರಿಯಲೇಬೇಕು. ಇಡೀ ಪ್ರಸಂಗ, ಅಂದರೆ ಆ ರಾತ್ರಿಯ ಪೂರ್ತಿ ಕಥೆ, ಗೊತ್ತಿಲ್ಲದೆ ಒಂದು ಪದ್ಯ ಮಾತ್ರ ಕಲಿತು ಬಂದವನು ಅಲ್ಲಿ ಕೂತರೆ ಐದು ನಿಮಿಷದಲ್ಲಿ ಬಣ್ಣ ಬಯಲಾಗುತ್ತದೆ.

ಸಭೆಯ ಕೆಲಸ ಅರ್ಥಧಾರಿಯದು. ಪ್ರಸಂಗ ನಮ್ಮದಲ್ಲ. ಸೃಷ್ಟಿಯಿಂದ ಶುರುವಾಗಿ, ಮನುಷ್ಯ ಹಾಳುಮಾಡಿಕೊಂಡು, ಅಬ್ರಹಾಮನ ಮನೆತನವನ್ನು ದೇವರು ಹಿಡಿದು, ಆ ಮನೆತನವೂ ಎಡವಿ ಸೆರೆಗೆ ಹೋಗಿ, ಅದರಲ್ಲೇ ಯೇಸು ಹುಟ್ಟಿ, ಸತ್ತು, ಎದ್ದು, ಈಗ ಕೊನೆಯ ಪದ್ಯಕ್ಕೆ ಮುಂಚಿನ ಹೊತ್ತು ನಡೆಯುತ್ತಿದೆ. ಕೊನೆಯ ಪದ್ಯವೂ ಬರೆದಿದೆ, ಸತ್ಯವೇದದ ಕೊನೆಯ ಪುಸ್ತಕವಾದ ಪ್ರಕಟನೆಯ 21, 22ರಲ್ಲಿ. ನಡುವೆ ನಮ್ಮ ಬಾಯಿಂದ ಬರಬೇಕಾದ ಮಾತನ್ನು ಯಾರೂ ಬರೆದುಕೊಟ್ಟಿಲ್ಲ.

ಪೌಲ ಒಳ್ಳೆಯ ಅರ್ಥಧಾರಿ. ಅಪೊಸ್ತಲರ ಕೃತ್ಯಗಳಲ್ಲಿ ಅವನ ಮೂರು ಭಾಷಣ ಪಕ್ಕ ಪಕ್ಕ ಇಟ್ಟು ನೋಡು. 13ನೇ ಅಧ್ಯಾಯದಲ್ಲಿ ಅಂತಿಯೋಕ್ಯದ ಸಭಾಮಂದಿರ, ಕೇಳುವವರು ಯೆಹೂದ್ಯರು. ಪೀಠಿಕೆ ಐಗುಪ್ತದಿಂದ, ದಾವೀದನಿಂದ. 14ರಲ್ಲಿ ಲುಸ್ತ್ರ, ಅಲ್ಲಿಯವರು ಪೌಲ ಬಾರ್ನಬರನ್ನೇ ದೇವರೆಂದು ಎತ್ತು, ಹೂವಿನ ಹಾರ ತಂದ ಹಳ್ಳಿ ಜನ. ಅಲ್ಲಿ ಮೋಶೆಯ ಹೆಸರೇ ಇಲ್ಲ, ಆಕಾಶದಿಂದ ಮಳೆ ಕೊಟ್ಟವನು, ಬೆಳೆ ಕೊಟ್ಟವನು ಅಂತ ಶುರು. 17ರಲ್ಲಿ ಅಥೇನೆ, ಪಂಡಿತರ ಊರು, ಅಲ್ಲಿ ಅವರದ್ದೇ ಕವಿಗಳ ಸಾಲು ಎತ್ತಿದ. ಪ್ರಸಂಗ ಒಂದೇ, ಪೀಠಿಕೆ ಮೂರು. ನಾವೋ, ಕಯ್ಯಾರಿನಲ್ಲೂ ಕಾಞಂಗಾಡಿನಲ್ಲೂ ಬೇರೆ ಯಾವುದೋ ದೇಶದಲ್ಲಿ ಬರೆದ ಒಂದೇ ಕರಪತ್ರ ಹಂಚುತ್ತೇವೆ.

ನಮ್ಮ ಕನ್ನಡ ಸತ್ಯವೇದದ ಮೊದಲ ಐದು ಪುಸ್ತಕಗಳ ಹೆಸರು ನೋಡು: ಆದಿಕಾಂಡ, ವಿಮೋಚನಕಾಂಡ, ಯಾಜಕಕಾಂಡ, ಅರಣ್ಯಕಾಂಡ, ಧರ್ಮೋಪದೇಶಕಾಂಡ. ಅರಣ್ಯಕಾಂಡ ಅಂದರೆ ರಾಮಾಯಣ ಕೇಳಿದವರಿಗೆ ಬೇರೆ ವಿವರಣೆ ಬೇಕೇ? ಕಾಂಡ ಅಂದಮೇಲೆ ಅದು ದೊಡ್ಡದೊಂದರ ಭಾಗ, ಮುಂದೆ ಇನ್ನೂ ಇದೆ. ಹೆಸರಿನಲ್ಲೇ ಬರೆದಿಟ್ಟಿದ್ದಾರೆ. ನಾವು ಓದುತ್ತಿರುವುದು ಮಾತ್ರ ಚೀಟಿ.

ಒಂದು ಎಚ್ಚರಿಕೆ. ಒಂದೇ ಕಥೆ ಅಂತ ಹೇಳಿ ಎಲ್ಲವನ್ನೂ ಒತ್ತಿ ಒಂದೇ ಅಚ್ಚಿಗೆ ಹಾಕುವವರೂ ಇದ್ದಾರೆ. ಯೋಬ ಕೇಳಿದ ಪ್ರಶ್ನೆಗಳಿಗೆ ಹಾಗೆ ಸುಲಭವಾಗಿ ಉತ್ತರ ಸಿಗುವುದಿಲ್ಲ. ಪರಮಗೀತ ಪ್ರೀತಿಯ ಹಾಡಾಗಿಯೇ ಇರಲಿ ಬಿಡು. ಇನ್ನು ಪ್ರಸಂಗಿ ಎಂಬ ಪುಸ್ತಕವನ್ನು ಈ ಪ್ರಸಂಗಕ್ಕೆ ಸೇರಿಸಲು ನನಗೆ ಇವತ್ತಿಗೂ ಸರಿಯಾಗಿ ಬರುವುದಿಲ್ಲ.

ಪ್ರಶ್ನೆ (ಬದಿಯಡ್ಕದಿಂದ): ನಾನು ಕ್ರೈಸ್ತನಲ್ಲ. ನೆರೆಮನೆಯವರಿಂದ ತಂದು ನಿಮ್ಮ ಪತ್ರಿಕೆ ಓದುತ್ತೇನೆ. ನೇರವಾಗಿ ಕೇಳುತ್ತೇನೆ, ಬೇಸರ ಮಾಡಬೇಡಿ. ಮಿಷನ್ ಅಂದರೆ ಮತಾಂತರ ತಾನೇ? ಒಂದೇ ಕಥೆ ಅಂತ ಚಂದವಾಗಿ ಹೇಳಿದರೂ ಕೊನೆಗೆ ನಮ್ಮನ್ನು ಆ ಕಥೆಯೊಳಗೆ ಎಳೆಯುವುದೇ ಉದ್ದೇಶ ಅಲ್ವಾ?

ಬೇಸರ ಇಲ್ಲ ಸ್ವಾಮೀ. ನೇರ ಪ್ರಶ್ನೆಗೆ ನೇರ ಉತ್ತರ. ಈ ಕಥೆ ನಿಜ ಅಂತ ನಾನು ನಂಬಿದ್ದೇನೆ. ಅದು ನನ್ನ ಜಾತಿಯ ಕಥೆ ಅಲ್ಲ, ಎಲ್ಲರ ಕಥೆ ಅಂತಲೂ ನಂಬಿದ್ದೇನೆ. ಹಾಗೆ ನಂಬಿದವನು ಬಾಯಿ ಮುಚ್ಚಿ ಕೂರಲಾರ, ಯಾರಾದರೂ ಕೇಳಿ ಒಪ್ಪಿದರೆ ನನಗೆ ಸಂತೋಷವಾಗುತ್ತದೆ. ಇದನ್ನು ಮುಚ್ಚಿಟ್ಟು ಸುಮ್ನೆ ಸಮಾಜಸೇವೆ ಅಂತ ಹೇಳಿದರೆ ಅದು ಮೋಸ. ಆದರೆ ಎಳೆಯುವುದು ಬೇರೆ. ಮಾರ್ಕ 10ರಲ್ಲಿ ಒಬ್ಬ ಸಾಹುಕಾರ, ಇರುವುದೆಲ್ಲ ಮಾರಿ ಬಡವರಿಗೆ ಕೊಡು ಎಂಬ ಯೇಸುವಿನ ಮಾತು ಕೇಳಿ, ಮುಖ ಸಣ್ಣದು ಮಾಡಿಕೊಂಡು ಹೊರಟುಹೋದ. ಯೇಸು ಹಿಂದಿನಿಂದ ಓಡಿ ಹೋಗಿ, ಇರಲಿ ಅರ್ಧ ಕೊಟ್ಟರೂ ಸಾಕು ಎನ್ನಲಿಲ್ಲ. ಹೋಗಲು ಬಿಟ್ಟ. ಅಕ್ಕಿ ಚೀಲ ತೋರಿಸಿ, ಹೆದರಿಸಿ, ರೋಗಿಯ ದುರ್ಬಲ ಗಳಿಗೆ ನೋಡಿ ಹೆಸರು ಬರೆಸುವವರು ಇದ್ದರೆ ಅವರಿಗೆ ಈ ಕಥೆಯೇ ಗೊತ್ತಿಲ್ಲ.

ಕಥೆಯ ಒಳಗೇ ಇದಕ್ಕೆ ಮದ್ದಿದೆ. ಯೋನನ ಪುಸ್ತಕ, ನಾಲ್ಕೇ ಅಧ್ಯಾಯ. ಮೀನಿನ ಹೊಟ್ಟೆ ಎಲ್ಲರಿಗೂ ಗೊತ್ತು, ಕೊನೆ ಯಾರಿಗೂ ಗೊತ್ತಿಲ್ಲ. ಶತ್ರುಗಳ ಊರು ನಿನೆವೆ ಉಳಿಯಿತಲ್ಲ ಅಂತ ಯೋನ ಸಿಟ್ಟಾಗಿ ಕೂರುತ್ತಾನೆ. ಆಗ ದೇವರು ಕೇಳುವುದು: ಎಡಗೈ ಬಲಗೈ ತಿಳಿಯದ 1,20,000 ಜನ, ಮತ್ತೆ ಅಷ್ಟೊಂದು ದನಕರು ಇರುವ ಆ ಪಟ್ಟಣದ ಮೇಲೆ ನಾನು ಮರುಕ ಪಡಬಾರದೇ? ಪುಸ್ತಕ ಆ ಪ್ರಶ್ನೆಗೇ ಮುಗಿಯುತ್ತದೆ. ನಿನೆವೆಯವರು ಇಸ್ರಾಯೇಲಿಗೆ ಸೇರಿದರು ಅಂತ ಎಲ್ಲೂ ಇಲ್ಲ. ದನಕರುಗಳ ಲೆಕ್ಕವೂ ದೇವರ ತಲೆಯಲ್ಲಿದೆ.

ಲೆಸ್ಲಿ ನ್ಯೂಬಿಗಿನ್ ಎಂಬ ಬಿಷಪ್ ಇದ್ದರು. 1936ರಲ್ಲಿ ಮದರಾಸಿಗೆ ಬಂದವರು, 1947ರಲ್ಲಿ ಸಿ.ಎಸ್.ಐ., ಅಂದರೆ ದಕ್ಷಿಣ ಭಾರತ ಸಭೆ, ಹುಟ್ಟಿದಾಗ ಮಧುರೆ ಕಡೆ ಬಿಷಪ್ ಆದವರು. ಕಾಂಚೀಪುರದಲ್ಲಿ ರಾಮಕೃಷ್ಣ ಮಿಷನ್ನಿನವರ ಜೊತೆ ಕೂತು ಒಂದು ವಾರ ಉಪನಿಷತ್ತು, ಒಂದು ವಾರ ಯೋಹಾನನ ಸುವಾರ್ತೆ ಅಂತ ಓದುತ್ತಿದ್ದರು. ಒಬ್ಬ ಹಿಂದೂ ವಿದ್ವಾಂಸರು ತಮಗೆ ಹೇಳಿದ ಮಾತನ್ನು ಅವರು ಮತ್ತೆ ಮತ್ತೆ ಬರೆದಿದ್ದಾರೆ. ಸಾರ ಇಷ್ಟು: ನೀವು ಮಿಷನರಿಗಳು ಬೈಬಲನ್ನು ಇನ್ನೊಂದು ಧರ್ಮಗ್ರಂಥ ಎಂಬ ಹಾಗೆ ನಮ್ಮ ಮುಂದೆ ಇಡುತ್ತೀರಿ, ಅಂಥದ್ದು ನಮ್ಮಲ್ಲಿ ಬೇಕಾದಷ್ಟಿದೆ, ಆದರೆ ನಾನು ಓದಿದಾಗ ಕಂಡದ್ದು ಅದಲ್ಲ, ಇಡೀ ಲೋಕದ ಚರಿತ್ರೆಯನ್ನೂ ಅದರಲ್ಲಿ ಮನುಷ್ಯನ ಜವಾಬ್ದಾರಿಯನ್ನೂ ಹೇಳುವ ಪುಸ್ತಕ, ಬೇರೆಲ್ಲೂ ಇಲ್ಲದ್ದು. ನೋಡಿ, ನಮ್ಮ ಪುಸ್ತಕ ಒಂದೇ ಕಥೆ ಅಂತ ಬಿಷಪ್‌ಗೆ ನೆನಪು ಮಾಡಿಕೊಡಲು ಒಬ್ಬ ಹಿಂದೂ ಬೇಕಾಯಿತು.

ಮಂಜೇಶ್ವರದ ಗೋವಿಂದ ಪೈಗಳು ಯೇಸುವಿನ ಕೊನೆಯ ದಿನದ ಮೇಲೆ ಖಂಡಕಾವ್ಯ ಬರೆದರು. ಅವರು ಕ್ರೈಸ್ತರಾಗಲಿಲ್ಲ, ಆಗಬೇಕು ಅಂತ ಯಾರೂ ಕಾದು ಕೂರಲೂ ಇಲ್ಲ. ಆದರೂ ಆ ಸಾಲುಗಳನ್ನು ಓದಿ ನಮ್ಮ ಸಭೆಯ ಹಿರಿಯರು ಶುಭ ಶುಕ್ರವಾರ ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದ್ದೇನೆ. ಕಥೆ ಹೇಳಿದವರ ಕೈಯಲ್ಲಿ ಉಳಿಯುವುದಿಲ್ಲ, ಅಲ್ವಾ.

ಪ್ರಶ್ನೆ (ಎಣ್ಮಕಜೆ ಕಡೆಯ ಒಬ್ಬ ನರ್ಸ್): ಹಾಸಿಗೆ ಹಿಡಿದವರ ಮನೆ ಮನೆಗೆ ಹೋಗಿ ಮೈ ಒರೆಸಿ, ಹುಣ್ಣು ತೊಳೆದು ಬರುವ ಕೆಲಸ ನನ್ನದು. ಒಂದು ಕೂಟದಲ್ಲಿ ಒಬ್ಬರು ಕೇಳಿದರು, 'ಈ ವರ್ಷ ಎಷ್ಟು ಆತ್ಮಗಳನ್ನು ತಂದಿರಿ?' ನನಗೆ ಉತ್ತರ ಬರಲಿಲ್ಲ. ನನ್ನ ಕೆಲಸ ಮಿಷನ್ ಹೌದೋ ಅಲ್ಲವೋ?

ಹೌದು ತಂಗಿ. ಆ ಪ್ರಶ್ನೆ ಕೇಳಿದವರು ಕಥೆಯನ್ನು ಆದಿಕಾಂಡ 3ರಿಂದ ಶುರು ಮಾಡಿದ್ದಾರೆ. ಮೊದಲು ಮನುಷ್ಯನ ಪಾಪ, ಆಮೇಲೆ ಶಿಲುಬೆ, ಆಮೇಲೆ ಆತ್ಮ ಪರಲೋಕಕ್ಕೆ, ಮುಗಿಯಿತು. ಅದರಲ್ಲಿ ಸುಳ್ಳೇನೂ ಇಲ್ಲ. ಆದರೆ ಶುರುವಿನ ಎರಡು ಅಧ್ಯಾಯ, ಕೊನೆಯ ಎರಡು ಅಧ್ಯಾಯ ಹರಿದುಹೋದ ಪುಸ್ತಕ ಅದು. ಆದಿಕಾಂಡ 1, 2ರಲ್ಲಿ ದೇವರು ಮಣ್ಣು, ನೀರು, ಮರ, ಮೈ ಎಲ್ಲವನ್ನೂ ಮಾಡಿ ಒಳ್ಳೆಯದು ಅಂದರು. ಮನುಷ್ಯನಿಗೆ ಸಿಕ್ಕಿದ ಮೊದಲ ಕೆಲಸ ತೋಟ ನೋಡಿಕೊಳ್ಳುವುದು, 2:15. ಪ್ರಕಟನೆ 21ರಲ್ಲಿ ಆತ್ಮಗಳು ಮೇಲೆ ಹಾರಿ ಹೋಗುವುದಿಲ್ಲ, ಪಟ್ಟಣವೇ ಕೆಳಗೆ ಇಳಿದು ಬರುತ್ತದೆ. 22ರಲ್ಲಿ ಒಂದು ಮರ, ಅದರ ಎಲೆ ಜನಾಂಗಗಳನ್ನು ವಾಸಿ ಮಾಡಲಿಕ್ಕೆ. ಎಲೆ, ಔಷಧ, ಗಾಯ! ನಿಮ್ಮ ಕೆಲಸ ಕೊನೆಯ ಪುಟದಲ್ಲೇ ಇದೆ.

ನಿಮ್ಮ ಊರಿನ ಹೆಸರು ನೋಡಿದ ಕೂಡಲೇ ನನಗೆ ಬೇರೆ ನೆನಪಾಯಿತು. ನಾನು ಪೆರ್ಲದ ಹತ್ತಿರ ಕೆಲವು ವರ್ಷ ಶಾಲೆಯಲ್ಲಿದ್ದೆ. ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸುತ್ತಿದ್ದ ಕಾಲ, 70ರ ದಶಕದ ಕೊನೆಯಿಂದ 2000ದವರೆಗೆ ನಡೆಯಿತಲ್ಲ ಅದು. ಹೆಲಿಕಾಪ್ಟರ್ ಸದ್ದು ಕೇಳಿದರೆ ಮಕ್ಕಳು ಖುಷಿಯಲ್ಲಿ ಅಂಗಳಕ್ಕೆ ಓಡುತ್ತಿದ್ದರು. ನಾನೂ ಓಡಲು ಬಿಟ್ಟೆ. ಭಾನುವಾರ ಸಂಡೇ ಸ್ಕೂಲಿನಲ್ಲಿ ಅದೇ ಬಾಯಲ್ಲಿ 'ದೇವರು ಎಲ್ಲವನ್ನೂ ಒಳ್ಳೆಯದಾಗಿ ಮಾಡಿದರು' ಅಂತ ಕಲಿಸಿದೆ. ಜೇನುಹುಳ ಸತ್ತವು, ಕರುಗಳು ಸೊಟ್ಟಗೆ ಹುಟ್ಟಿದವು, ಆಮೇಲೆ ಮಕ್ಕಳು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ನಿಲ್ಲಿಸಿತು. ಅದಕ್ಕಾಗಿ ವರ್ಷಗಟ್ಟಲೆ ಹೋರಾಡಿದವರಲ್ಲಿ ಡಾಕ್ಟರು, ರೈತರು, ತಾಯಂದಿರು, ಪತ್ರಕರ್ತರು ಇದ್ದರು. ನಾನು ಇರಲಿಲ್ಲ. ಸುವಾರ್ತೆಗೂ ಗೇರು ತೋಟಕ್ಕೂ ಏನು ಸಂಬಂಧ ಅಂತ ಕೂತಿದ್ದೆ. ರೋಮಾಪುರ 8ರಲ್ಲಿ ಸೃಷ್ಟಿಯೆಲ್ಲ ಹೆರಿಗೆ ಬೇನೆಯಲ್ಲಿ ನರಳುತ್ತಿದೆ ಅಂತ ಪೌಲ ಬರೆದದ್ದನ್ನು ಎಷ್ಟು ಸಲ ಓದಿದ್ದೆನೋ. ಆ ನರಳಾಟ ಸ್ವರ್ಗ, ಪಡ್ರೆಯಲ್ಲೇ ಇತ್ತು. (ಹೊರಗಿನ ಓದುಗರಿಗೆ: ಸ್ವರ್ಗ ಅನ್ನುವುದು ಎಣ್ಮಕಜೆಯ ಒಂದು ಊರಿನ ಹೆಸರು. ಅದರಂಥ ವ್ಯಂಗ್ಯ ಯಾವ ಕವಿಗೂ ಹೊಳೆಯದು.)

ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರನ್ನೇ ನೋಡಿ. 1834ರಲ್ಲಿ ಮಂಗಳೂರಿಗೆ ಬಂದಾಗ ಅವರ ತಲೆಯಲ್ಲಿ ಇದ್ದದ್ದೂ ಆತ್ಮದ ಚಿಂತೆಯೇ. ಆದರೆ ದೀಕ್ಷಾಸ್ನಾನ ಆದವರನ್ನು ಮನೆಯಿಂದ, ಜಾತಿಯಿಂದ, ಕೆಲಸದಿಂದ ಹೊರಗೆ ಹಾಕಿದಾಗ ಅವರ ಹೊಟ್ಟೆಗೆ ಏನು? ನೇಯ್ಗೆ ಬಂತು, 1865ರಲ್ಲಿ ಹೆಂಚಿನ ಕಾರ್ಖಾನೆ ಬಂತು, ಶಾಲೆ ಬಂತು, ಛಾಪಖಾನೆ ಬಂತು. ಆ ಛಾಪಖಾನೆಯ ಊರಿನಲ್ಲೇ 1843ರಲ್ಲಿ ಕನ್ನಡದ ಮೊದಲ ಪತ್ರಿಕೆ ಹೊರಟಿತು, ಮೋಗ್ಲಿಂಗರ ಕೈಯಲ್ಲಿ. ಅವರ ಕಥೆಯ ಓದು ಸಣ್ಣದಿದ್ದರೂ ಕಥೆ ಅವರನ್ನು ಎಳೆದುಕೊಂಡು ಹೋಯಿತು ಅಂತ ನನ್ನ ಅಭಿಪ್ರಾಯ. ಆದರೆ ಕಾರ್ಖಾನೆ ನಡೆಸಿದವರು ದೊರೆಗಳೂ ಆದರು, ಮಿಷನ್ ಕಂಪೌಂಡಿನ ಜನ ಅವರ ಕೈ ನೋಡುವ ಹಾಗೆ ಆಯಿತು. ಅದನ್ನೂ ಹೇಳಬೇಕು.

ನಿಮಗೆ ಒಂದೇ ಮಾತು. ಯಾರಾದರೂ ರೋಗಿ, ಸಂಬಳಕ್ಕಿಂತ ಜಾಸ್ತಿ ಯಾಕೆ ಮಾಡುತ್ತೀ ಮಗಳೇ ಅಂತ ಕೇಳಿದರೆ ಯೇಸುವಿನ ಹೆಸರು ಹೇಳಲು ನಾಚಬೇಡಿ. ಕೇಳದಿದ್ದರೆ ಹುಣ್ಣು ತೊಳೆಯಿರಿ.

ಪ್ರಶ್ನೆ (ತಮಿಳುನಾಡಿನ ತಾಳವಾಡಿಯಿಂದ): ಇಡೀ ಕಥೆ ಓದಿ ಅಂತೀರಿ. ಓದಿದೆ. ಯೆಹೋಶುವನ ಪುಸ್ತಕದಲ್ಲಿ ಕಾನಾನ್ ದೇಶ ಹಿಡಿಯಲು ಹೋದ ಇಸ್ರಾಯೇಲರು ಊರಿಗೆ ಊರೇ ಕೊಲ್ಲುತ್ತಾರೆ. ಇದೂ ಮಿಷನ್ನೇ?

ಅಲ್ಲ. ಆದರೆ ಹಾಗೆ ಓದಿದವರಿದ್ದರು, ಅದಕ್ಕೆ ನಿಮ್ಮ ಪ್ರಶ್ನೆಯನ್ನು ತಳ್ಳಿಹಾಕಲು ಆಗುವುದಿಲ್ಲ. ಅಮೆರಿಕದ ಮೂಲಜನರ ನೆಲ ಕಿತ್ತುಕೊಂಡವರು ತಾವೇ ಹೊಸ ಇಸ್ರಾಯೇಲ್, ಅವರೇ ಕಾನಾನ್ಯರು ಅಂದುಕೊಂಡರು. ಆದಿಕಾಂಡ 9ರ ಒಂದು ಶಾಪದ ಮಾತು ಹಿಡಿದುಕೊಂಡು ಆಫ್ರಿಕಾದವರನ್ನು ಗುಲಾಮರನ್ನಾಗಿ ಮಾಡಿದ್ದನ್ನು ಸಮರ್ಥಿಸಿದರು. ಚೀಟಿ ಓದು ಬರೀ ವೀಸಾ ಕೇಳುವುದರಲ್ಲಿ ನಿಲ್ಲುವುದಿಲ್ಲ ನೋಡಿ, ಇಲ್ಲಿಯವರೆಗೂ ಬರುತ್ತದೆ.

ಎರಡನೇ ಶತಮಾನದಲ್ಲಿ ಮಾರ್ಸಿಯನ್ ಎಂಬವನು ಈ ಕಷ್ಟಕ್ಕೆ ಸುಲಭದ ದಾರಿ ಹುಡುಕಿದ, ಹಳೆ ಒಡಂಬಡಿಕೆಯನ್ನೇ ಎಸೆದುಬಿಡುವುದು. ಸಭೆ ಒಪ್ಪಲಿಲ್ಲ. ಒಪ್ಪದೆ ಇದ್ದದ್ದು ಒಳ್ಳೆಯದಾಯಿತು, ಯಾಕೆಂದರೆ ಆ ಕೊಲೆಯನ್ನು ಪ್ರಶ್ನೆ ಮಾಡುವ ಮಾತುಗಳೂ ಅದೇ ಕಟ್ಟಿನೊಳಗೆ ಇವೆ. ಯೆಹೋಶುವ 5ರಲ್ಲಿ ಕತ್ತಿ ಹಿಡಿದು ನಿಂತವನನ್ನು, ಅವನು ದೇವರ ಸೇನಾಪತಿ ಅಂತ ಗೊತ್ತಿಲ್ಲದೆ, ಯೆಹೋಶುವ ಕೇಳುತ್ತಾನೆ, ನೀನು ನಮ್ಮ ಕಡೆಯೋ ಶತ್ರುಗಳ ಕಡೆಯೋ? ಉತ್ತರ: ಅಲ್ಲ. ಎರಡೂ ಅಲ್ಲ! ಧರ್ಮೋಪದೇಶಕಾಂಡ 9ರಲ್ಲಿ, ನೀವು ನೀತಿವಂತರು ಅಂತ ಈ ನೆಲ ಕೊಟ್ಟದ್ದಲ್ಲ ಅಂತ ಬೈಗುಳ. ಯಾಜಕಕಾಂಡ 18ರಲ್ಲಿ, ನೀವೂ ಹಾಗೆಯೇ ಮಾಡಿದರೆ ನೆಲ ನಿಮ್ಮನ್ನೂ ಕಾರಿಬಿಡುತ್ತದೆ ಅಂತ ಎಚ್ಚರಿಕೆ, ಕೊನೆಗೆ ಹಾಗೆಯೇ ಆಯಿತು, ಸೆರೆಗೆ ಹೋದರು. ಯೆರಿಕೋವಿನ ರಾಹಾಬಳು ಕಾನಾನ್ಯಳು, ಮೋವಾಬಿನ ರೂತಳು ಹೊರಗಿನವಳು, ಇಬ್ಬರೂ ಮತ್ತಾಯ ಬರೆದ ಯೇಸುವಿನ ವಂಶಾವಳಿಯಲ್ಲಿ ಇದ್ದಾರೆ. ಮತ್ತಾಯ 15ರಲ್ಲಿ ಮಗಳಿಗಾಗಿ ಕೂಗಿಕೊಂಡು ಬಂದ ತಾಯಿಯನ್ನು ಮತ್ತಾಯ 'ಕಾನಾನ್ಯಳು' ಅಂತಲೇ ಕರೆಯುತ್ತಾನೆ. ಆ ಹೆಸರು ಹಳೆಯದಾಗಿ ಎಷ್ಟೋ ನೂರು ವರ್ಷ ಆಗಿತ್ತು, ಬೇಕೆಂತಲೇ ಬಳಸಿದ್ದು. ಅವಳ ಮಗಳು ವಾಸಿಯಾಗುತ್ತಾಳೆ.

ಇಷ್ಟು ಹೇಳಿದ ಮೇಲೂ ಯೆರಿಕೋವಿನವರನ್ನು ಕೊಂದ ಕಥೆ ಇರುವ ಯೆಹೋಶುವ 6ನ್ನು ಮಕ್ಕಳ ಮುಂದೆ ಓದುವಾಗ ನನ್ನ ಗಂಟಲು ಕಟ್ಟುತ್ತದೆ. ಕಟ್ಟದಿದ್ದರೆ ಹೆದರಬೇಕು.

ಪ್ರಶ್ನೆ (ಬೇಳದ ಒಬ್ಬ ಕೊಂಕಣಿ ಕೆಥೋಲಿಕ್ ಓದುಗರು): ನಿಮ್ಮ ಬೈಬಲಿನಲ್ಲಿ 66 ಪುಸ್ತಕ, ನಮ್ಮದರಲ್ಲಿ 73. ಕಥೆ ಬೇರೆಯಾಗುತ್ತದೋ?

ಇಲ್ಲ. ನಿಮ್ಮಲ್ಲಿ ನಡುವೆ ಇನ್ನು ಕೆಲವು ಅಧ್ಯಾಯ ಜಾಸ್ತಿ ಸಿಗುತ್ತದೆ, ಗ್ರೀಕ್ ದೊರೆಗಳ ವಿರುದ್ಧ ದಂಗೆ ಎದ್ದ ಮಕ್ಕಬಿಯರ ಕಾಲದ ಸಂಗತಿ ಓದಿದರೆ ಯೇಸು ಹುಟ್ಟುವ ಹೊತ್ತಿಗೆ ಜನ ಯಾಕೆ ಅಷ್ಟು ಕುದಿಯುತ್ತಿದ್ದರು ಅಂತ ಚೆನ್ನಾಗಿ ತಿಳಿಯುತ್ತದೆ. ಶುರು ಒಂದೇ, ಕೊನೆ ಒಂದೇ. ನಿಮ್ಮ ವ್ಯಾಕುಲ ಮಾತೆಯ ಇಗರ್ಜಿ 1890ರದ್ದು, ಅದರ ಎದುರು ನಿಂತು ಈ ಜಗಳ ಆಡಲು ನನಗೆ ಮನಸ್ಸಿಲ್ಲ.

ಪ್ರಶ್ನೆ (ಹೊಸೂರಿನಿಂದ ಒಬ್ಬ ಸಂಡೇ ಸ್ಕೂಲ್ ಟೀಚರ್): ಮಕ್ಕಳಿಗೆ ದಾವೀದ ಗೊಲ್ಯಾತ, ನೋಹನ ನಾವೆ, ದಾನಿಯೇಲನ ಸಿಂಹ ಅಂತ ಬಿಡಿ ಬಿಡಿ ಕಥೆಗಳನ್ನೇ ಹೇಳಿ ಅಭ್ಯಾಸ. ಇಡೀ ಕಥೆ ಹೇಳಲು ಎಲ್ಲಿಂದ ಶುರು ಮಾಡಲಿ? ನನಗೇ ಪೂರ್ತಿ ಓದಿ ಗೊತ್ತಿಲ್ಲ, ಪ್ರತಿ ಜನವರಿ ಶುರು ಮಾಡಿ ಯಾಜಕಕಾಂಡದಲ್ಲಿ ನಿಲ್ಲುತ್ತೇನೆ.

ಎಲ್ಲರೂ ಅಲ್ಲಿಯೇ ನಿಲ್ಲುವುದು ಟೀಚರ್, ಚಿಂತೆ ಮಾಡಬೇಡಿ. 66 ಪುಸ್ತಕಕ್ಕೆ 1,189 ಅಧ್ಯಾಯ. ದಿನಕ್ಕೆ ಮೂರು ಅಂತ ಓದಿದರೂ ವರ್ಷ ದಾಟುತ್ತದೆ. ಆ ಲೆಕ್ಕ ಹಿಡಿದು ಓಡಬೇಡಿ. ಮೊದಲು ಲೂಕ 24 ಓದಿ. ಇಬ್ಬರು ಬೇಸರದಲ್ಲಿ ಎಮ್ಮಾಹುವಿಗೆ ನಡೆದುಕೊಂಡು ಹೋಗುವಾಗ ಯೇಸು ಜೊತೆಗೆ ಬಂದು, ಮೋಶೆಯಿಂದ ಹಿಡಿದು ಎಲ್ಲ ಪ್ರವಾದಿಗಳವರೆಗೆ ಕಥೆ ಹೇಳಿದ್ದು ಅಲ್ಲಿದೆ. ಅಷ್ಟು ದೊಡ್ಡ ಕಥೆ ಒಂದು ಮಧ್ಯಾಹ್ನದ ದಾರಿಯಲ್ಲಿ ಮುಗಿಯಿತು. ನೀವೂ ಹಾಗೆ ಒಂದೇ ತರಗತಿಯಲ್ಲಿ, ಪುಸ್ತಕ ಮುಚ್ಚಿಟ್ಟು, ಅಜ್ಜಿ ಕಥೆಯ ಹಾಗೆ ಶುರುವಿನಿಂದ ಕೊನೆಯವರೆಗೆ ಹೇಳಲು ಪ್ರಯತ್ನ ಮಾಡಿ. ಎಲ್ಲಿ ತಡವರಿಸಿದಿರೋ ಆ ಪುಸ್ತಕವನ್ನು ಮನೆಗೆ ಹೋಗಿ ಓದಿ. ನನಗೆ ಮೊದಲ ಸಲ ದಾವೀದನಿಂದ ಯೇಸುವಿನವರೆಗೆ ಒಂದು ಸಾವಿರ ವರ್ಷ ಖಾಲಿ ಬಿತ್ತು.

ಆಮೇಲೆ ಬಿಡಿ ಕಥೆ ಹೇಳುವಾಗ ಎರಡು ಪ್ರಶ್ನೆ ಮಕ್ಕಳಿಂದಲೇ ಕೇಳಿಸಿ: ಇದಕ್ಕೆ ಮೊದಲು ಏನಾಗಿತ್ತು, ಇದರಿಂದ ಯಾರಿಗೆ ಒಳ್ಳೆಯದಾಯಿತು. ದಾವೀದ ಗೊಲ್ಯಾತನ ಕಥೆಯನ್ನು 'ನೀನೂ ಧೈರ್ಯವಾಗಿರು' ಅಂತ ಮುಗಿಸುವುದು ಸುಲಭ. ದಾವೀದ ತಾನೇ ಏನು ಹೇಳಿದ ಅಂತ 1 ಸಮುವೇಲ 17:46ರಲ್ಲಿ ನೋಡಿ. ಭೂಲೋಕದವರೆಲ್ಲರಿಗೂ ತಿಳಿಯಲಿ ಅಂತ ಹೇಳಿದ್ದಾನೆ, ಕವಣೆ ಬೀಸುವ ಮೊದಲೇ.

ಮನೆಯಲ್ಲಿ ಒಂದು ರಾತ್ರಿ ಮಾರ್ಕನ ಸುವಾರ್ತೆಯನ್ನು ಒಬ್ಬರಾದ ಮೇಲೆ ಒಬ್ಬರು ಗಟ್ಟಿಯಾಗಿ ಓದಿ, ಒಂದೂವರೆ ಗಂಟೆ ಸಾಕು. ನಾವು ಮಳೆಗಾಲದಲ್ಲಿ ಕರೆಂಟ್ ಹೋದ ರಾತ್ರಿ ಚಿಮಣಿ ದೀಪ ಹಚ್ಚಿ ಓದಿದೆವು. ಹತ್ತನೇ ಅಧ್ಯಾಯಕ್ಕೆ ಬರುವಾಗ ಕರೆಂಟ್ ಬಂತು. ಮೊಮ್ಮಗಳು ಎದ್ದು ಹೋಗಿ ಸ್ವಿಚ್ ಆಫ್ ಮಾಡಿ ಬಂದು ಕೂತಳು.